ಕ್ಯಾಷ್ ಕ್ಯಾಬಿನ್‌ನಲ್ಲಿ ಫ್ಯಾನ್ ಜೋರಾಗಿ ಹಾಕುವಂತಿಲ್ಲ

2024ರ ಏಪ್ರಿಲ್‌ನ ಒಂದು ಸೋಮವಾರ. ಸಂಜೆ ಕ್ಯಾಷ್ ಕ್ಲೋಸ್ ಮಾಡಲು ಕೂತೆ. 10,000 ರೂಪಾಯಿ ಕಡಿಮೆ ಬಂತು.

ನೋಟುಗಳನ್ನೆಲ್ಲ ಮತ್ತೊಮ್ಮೆ ಯಂತ್ರಕ್ಕೆ ಹಾಕಿದೆ. ಆಮೇಲೆ ಕೈಯಲ್ಲೇ ಎಣಿಸಿದೆ. ಡ್ರಾಯರ್ ಪೂರ್ತಿ ಹೊರಗೆಳೆದು, ಹಿಂದೆ ಏನಾದರೂ ಬಿದ್ದಿದೆಯೇ ಎಂದು ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಕಸದ ಬುಟ್ಟಿಯಲ್ಲಿದ್ದ ಕಾಗದದ ಪಟ್ಟಿಗಳನ್ನೂ ಬಿಡಿಸಿ ನೋಡಿದೆ. ಚಲನ್, ಚೆಕ್ಕು ಎಲ್ಲಕ್ಕೂ ಟಿಕ್ ಹಾಕುತ್ತಾ ಬಂದೆ. ಊಹೂಂ. ಕಡಿಮೆ ಎಂದರೆ ಕಡಿಮೆಯೇ.

ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ಕೈಯಿಂದ ಕಟ್ಟಬೇಕು. ಅದು ನಮಗೆಲ್ಲ ಗೊತ್ತಿರುವ ವಿಷಯ. ನನ್ನ ಖಾತೆಯಿಂದ ತೆಗೆದು ಟ್ಯಾಲಿ ಮಾಡಿ ಬಸ್ ಹತ್ತಿದೆ. ನಮ್ಮ ಬ್ಯಾಂಕಿನ ಶಾಖೆ ಇರುವುದು ಹರಿಹರದ ಹತ್ತಿರ, ಮನೆ ದಾವಣಗೆರೆಯಲ್ಲಿ. ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯೂ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಇನ್ನು ನನ್ನ ಕೈಲಿ ಈ ಕೆಲಸ ಆಗಲ್ಲ.

ಅಪ್ಪ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ ಇದು. 2002ರಲ್ಲಿ ಸೇರಿದೆ. ಅಪ್ಪನೂ ಕ್ಯಾಷ್‌ನಲ್ಲೇ ಇದ್ದವರು. 22 ವರ್ಷಗಳಲ್ಲಿ ನನಗೆ ಕಡಿಮೆ ಬಂದಿದ್ದು ಎರಡೇ ಸಲ. ಒಮ್ಮೆ 100, ಒಮ್ಮೆ 500. 'ಮೇಡಂ ಬೆರಳಿಗೆ ಕಣ್ಣಿದೆ' ಎಂದು ಹಳೆಯ ಮ್ಯಾನೇಜರ್ ಒಬ್ಬರು ತಮಾಷೆ ಮಾಡುತ್ತಿದ್ದರು. ಈಗ ಆ ಬೆರಳಿಗೆ ಏನಾಗಿದೆ?

ಮರುದಿನ ಸಿಸಿಟಿವಿ ನೋಡಿದೆವು. ನಾನು, ಮ್ಯಾನೇಜರ್, ಇನ್ನೊಬ್ಬ ಅಧಿಕಾರಿ. ಮಧ್ಯಾಹ್ನ 2 ಗಂಟೆ 40 ನಿಮಿಷ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಗುಮಾಸ್ತ ಕಿಟಕಿಯ ಮುಂದೆ ನಿಂತಿದ್ದಾನೆ. ಪರದೆಯ ಮೇಲಿನ ಹೆಂಗಸು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತಾಳೆ. ವೇಲ್‌ನಿಂದ ಕತ್ತು ಒರೆಸಿಕೊಳ್ಳುತ್ತಾಳೆ. ಒಂದು ಪಾಸ್‌ಬುಕ್ ಎತ್ತಿ ಬೀಸಿಕೊಳ್ಳುತ್ತಾಳೆ. ಕೂರುತ್ತಾಳೆ. 500ರ ನೋಟು ಎಣಿಸಿ ಒಂದು ಕಡೆ ಇಡುತ್ತಾಳೆ. ಮತ್ತೆ ಮುಖ ಒರೆಸಿಕೊಂಡು, ಎಣಿಸಿದ್ದು ಮರೆತು, ಇನ್ನೊಮ್ಮೆ ಅಷ್ಟೇ ಎಣಿಸಿ, ಎರಡನ್ನೂ ಸೇರಿಸಿ ಕೊಟ್ಟುಬಿಡುತ್ತಾಳೆ.

ಅವಳನ್ನು ನೋಡುವಾಗ ನನಗೆ ಬೇರೆ ಯಾರನ್ನೋ ನೋಡಿದ ಹಾಗಾಯಿತು.

ಗುಮಾಸ್ತ ಒಳ್ಳೆಯವನು. ಫೋನ್ ಮಾಡಿದ ಎರಡನೇ ದಿನಕ್ಕೆ ಹಣ ತಂದುಕೊಟ್ಟ. ಹಣ ಬಂತು. ಆದರೆ ಆ ಪರದೆಯ ಹೆಂಗಸು ತಲೆಯಿಂದ ಹೋಗಲಿಲ್ಲ.

ಕ್ಯಾಷ್ ಕ್ಯಾಬಿನ್ ಹೇಗಿರುತ್ತದೆ ಎಂದು ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಮುಂದೆ ಗಾಜು, ಪಕ್ಕದಲ್ಲಿ ಗ್ರಿಲ್, ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮ ಶಾಖೆಯ ಎಸಿ ಬೇಸಿಗೆಯಲ್ಲೇ ಕೈಕೊಡುವ ಜಾತಿಯದ್ದು. ತಲೆಯ ಮೇಲೆ ಫ್ಯಾನ್ ಏನೋ ಇದೆ. ಆದರೆ ಎರಡರ ಮೇಲೆ ಹಾಕುವಂತಿಲ್ಲ. ನೋಟು ಹಾರುತ್ತವೆ.

ಮೈ ಬಿಸಿ ಏರುವುದು ಶುರುವಾಗಿ ಆಗಲೇ ಆರೇಳು ತಿಂಗಳಾಗಿತ್ತು. ಎದೆಯಿಂದ ಒಂದು ಝಳ ಎದ್ದು ಕತ್ತು, ಕಿವಿ, ನೆತ್ತಿಗೆ ಹೋಗುತ್ತಿತ್ತು. ಒಲೆಯ ಮುಂದೆ ಬಗ್ಗಿದ ಹಾಗೆ. ಎರಡು ಮೂರು ನಿಮಿಷ, ಅಷ್ಟೇ. ಆಮೇಲೆ ಬೆನ್ನೆಲ್ಲ ಒದ್ದೆಯಾಗಿ ಚಳಿ ಹತ್ತುತ್ತಿತ್ತು. ಆ ವರ್ಷದ ಬೇಸಿಗೆ ಯಾರನ್ನೂ ಬಿಟ್ಟಿರಲಿಲ್ಲ, ಎಲ್ಲರೂ ಬೆವರುತ್ತಿದ್ದರು. ಹಾಗಾಗಿ ನನ್ನ ಬೆವರಿಗೆ ಯಾರೂ ಕಾರಣ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇದರ ಜೊತೆಗೆ ಮುಟ್ಟಿನ ಲೆಕ್ಕವೂ ಕೆಟ್ಟಿತ್ತು. ಒಂದು ಸಲ 20 ದಿನಕ್ಕೇ ಬರುವುದು, ಇನ್ನೊಂದು ಸಲ ಎರಡು ತಿಂಗಳು ಪತ್ತೆಯೇ ಇಲ್ಲ. ಬಂದರೆ ಮಾತ್ರ ಬಚ್ಚಲ ನಲ್ಲಿ ಬಿಟ್ಟ ಹಾಗೆ. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಕ್ಯಾಷಿಯರ್‌ಗೆ ಬೇಕೆಂದಾಗ ಎದ್ದು ಟಾಯ್ಲೆಟ್‌ಗೆ ಹೋಗಲು ಆಗುತ್ತದೆಯೇ? ನೋಟು ಡ್ರಾಯರ್‌ಗೆ ಹಾಕಿ, ಬೀಗ ಹಾಕಿ, ಸಿಸ್ಟಮ್ ಲಾಕ್ ಮಾಡಿ, ಗ್ರಿಲ್ ಬಾಗಿಲು ಎಳೆದುಕೊಂಡು ಹೋಗಬೇಕು. ಅಷ್ಟರಲ್ಲಿ ಕ್ಯೂನಲ್ಲಿ ನಿಂತವರಲ್ಲಿ ಒಬ್ಬರಾದರೂ 'ಏನ್ರೀ, ಈಗಿನ್ನೂ ಕೂತ್ರಿ, ಆಗ್ಲೇ ಎದ್ರಿ' ಎನ್ನುತ್ತಿದ್ದರು. ಎರಡನೇ ಶನಿವಾರ, ಭಾನುವಾರ ಕಳೆದು ಬರುವ ಸೋಮವಾರಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಎರಡೆರಡು ಪ್ಯಾಡ್ ಹಾಕಿಕೊಂಡು, ಕಪ್ಪು ಪ್ಯಾಂಟ್ ಹಾಕಿಕೊಂಡು, ಕುರ್ಚಿಯ ಮೇಲೆ ಹಳೆಯ ಟವೆಲ್ ಮಡಚಿಟ್ಟು ಕೂರುತ್ತಿದ್ದೆ. ಕೆಳಗಿನ ಡ್ರಾಯರ್‌ನಲ್ಲಿ ಇನ್ನೊಂದು ಜೊತೆ ಚೂಡಿದಾರ್ ಸದಾ ಇರುತ್ತಿತ್ತು. ಎರಡು ಸಲ ಅದು ಬೇಕಾಯಿತು.

ಮನೆಯಲ್ಲಿ ಹೇಳಿದರೆ ಅತ್ತೆ, 'ನಮಗೆಲ್ಲ ಇಂಥದ್ದೇನೂ ಆಗ್ಲಿಲ್ಲಮ್ಮ. ನಿಂತ್ತು, ನಿಂತ್ತು ಅಷ್ಟೇ' ಎಂದರು. ಯಜಮಾನರು ಗೂಗಲ್ ನೋಡಿ ಕ್ಯಾನ್ಸರ್‌ವರೆಗೂ ಹೋಗಿ ಬಂದರು. ರಾತ್ರಿ ನನಗೆ ಫ್ಯಾನ್ ಐದರಲ್ಲಿ ಬೇಕು, ಅವರಿಗೆ ಕಂಬಳಿ ಬೇಕು. ಎರಡೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬೆಳಗ್ಗೆ ಐದೂವರೆಗೆ ಏಳಬೇಕು. ಪಿಯುಸಿ ಓದುತ್ತಿದ್ದ ಮಗಳು ಒಂದು ಲೋಟ ಬೀಳಿಸಿದರೂ ಕಿರುಚುತ್ತಿದ್ದೆ. ಅವಳು ಹೆದರಿ ಸುಮ್ಮನಾಗುತ್ತಿದ್ದಳು. ಅದನ್ನು ನೋಡಿ ನನಗೇ ಅಳು ಬರುತ್ತಿತ್ತು.

ಇದಕ್ಕೆಲ್ಲ ಹೆಸರು ಹೇಳಿದ್ದು ಡಾಕ್ಟರ್ ಅಲ್ಲ. ಕ್ಯೂನಲ್ಲಿದ್ದ ಒಬ್ಬ ಅಜ್ಜಿ.

ಗೃಹಲಕ್ಷ್ಮಿ ಹಣ ಬಂದ ವಾರ. 2,000 ರೂಪಾಯಿ ತೆಗೆಯಲು ಸುತ್ತಲ ಹಳ್ಳಿಗಳಿಂದ ಹೆಂಗಸರು ಬಂದಿದ್ದರು. ಆ ವಾರ ಶಾಖೆಯಲ್ಲಿ ಜಾತ್ರೆ ಇದ್ದ ಹಾಗೆ. ಈ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡು ನೋಟು ಕೊಡುವಾಗ ನನ್ನ ಮೂಗಿನ ತುದಿಯಿಂದ ಒಂದು ಹನಿ ಬೆವರು ವೋಚರ್ ಮೇಲೆ ಬಿತ್ತು. ಅಜ್ಜಿ ಗಾಜಿಗೆ ಮುಖ ತಂದು ನೋಡಿದಳು.

'ಯಾಕವ್ವ ಇಷ್ಟ್ ಬೆವರ್ತಿ? ಮುಟ್ಟು ನಿಲ್ಲೋ ಟೈಮೇನು?'

ಹಿಂದೆ ಇಬ್ಬರು ಗಂಡಸರಿದ್ದರು. ಮೈಕ್ ಬೇರೆ ಆನ್ ಇತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

'ನನಗೂ ಹಿಂಗೇ ಆಗಾದು. ಹೊಲದಾಗ ಕಳೆ ತೆಗೆಯುವಾಗ ಸೆರಗೆಲ್ಲ ತೊಯ್ದು ಹೋಗಾದು. ನಾಚಿಕೆ ಯಾಕೆ, ದವಾಖಾನಿಗೆ ಹೋಗು' ಎಂದು ನೋಟು ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಅವತ್ತು ಸಂಜೆಯೇ ಹೋದೆ.

ಮೊದಲು ಹೋದ ಕಡೆ ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರ ದಪ್ಪ ಇದೆ, ಒಂದು ಸಣ್ಣ ಗಡ್ಡೆಯೂ ಇದೆ ಎಂದರು. ವರದಿಯನ್ನು ಮೇಜಿನ ಮೇಲಿಟ್ಟು, 'ಮಕ್ಕಳಾಗಿವೆಯಲ್ಲಮ್ಮ, ತೆಗೆಸಿಬಿಡಿ. ತಲೆನೋವೇ ಇರಲ್ಲ. ಇನ್ಶೂರೆನ್ಸ್ ಇದೆಯಲ್ವಾ?' ಎಂದರು. ಐದು ನಿಮಿಷದ ಮಾತು. ಮುಂದಿನ ವಾರ ದಿನ ಕೂಡ ಕೊಟ್ಟರು.

ನಿಜ ಹೇಳುತ್ತೇನೆ, ನಾನು ಒಪ್ಪಿಕೊಂಡೇ ಬಂದಿದ್ದೆ. ಆ ಸೋಮವಾರಗಳಿಂದ ಬಿಡುಗಡೆ ಸಿಕ್ಕರೆ ಸಾಕಾಗಿತ್ತು. ತಡೆದದ್ದು ನಮ್ಮ ಶಾಖೆಯಲ್ಲಿ ಕಸ ಗುಡಿಸುವ ಅಕ್ಕ. ಅವಳಿಗೆ 32ನೇ ವಯಸ್ಸಿಗೇ ತೆಗೆದಿದ್ದರಂತೆ, ಅಂಡಾಶಯವನ್ನೂ ಸೇರಿಸಿ. 'ನನ್ನನ್ನ ನೋಡಿ ಮೇಡಂ. ನಲವತ್ತಕ್ಕೇ ಮೆಟ್ಟಿಲು ಹತ್ತಕ್ಕಾಗಲ್ಲ. ನಿಮಗೆ ಇಷ್ಟರಲ್ಲೇ ತಾನಾಗೇ ನಿಲ್ಲುತ್ತೆ. ಇನ್ನೊಬ್ಬರಿಗೆ ತೋರಿಸಿ' ಎಂದಳು. ಅಂಡಾಶಯವನ್ನೂ ತೆಗೆದರೆ ಋತುಬಂಧ ನಿಧಾನಕ್ಕೆ ಬರುವುದಿಲ್ಲ, ಮರುದಿನವೇ ಬಂದು ಕೂರುತ್ತದೆ, ಮೂಳೆಗೂ ಪೆಟ್ಟು ಎಂದು ನನಗೆ ಆಮೇಲೆ ಗೊತ್ತಾಯಿತು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಕತೆ ಪತ್ರಿಕೆಯಲ್ಲಿ ಬಂದಿತ್ತಲ್ಲ. ನಮ್ಮ ಕಲಬುರಗಿ ಕಡೆಯ ತಾಂಡಾಗಳಲ್ಲೂ ಅಂಥದ್ದೇ ಆಗಿತ್ತು. ಓದಿದಾಗ ಅಯ್ಯೋ ಪಾಪ ಎಂದಿದ್ದೆ. ದಿನಾ ನನ್ನ ಟೇಬಲ್ ಒರೆಸುವ ಅಕ್ಕನೂ ಅಂಥವಳೇ ಎಂದು ಹೊಳೆದಿರಲಿಲ್ಲ. ನಾನಂತೂ ಬ್ಯಾಂಕ್ ನೌಕರಿ ಇದ್ದೂ ಅದೇ ಸಾಲಿಗೆ ನಿಲ್ಲಲು ಹೊರಟಿದ್ದೆ.

ಗರ್ಭಕೋಶ ತೆಗೆಸಲೇಬೇಕಾದವರು ಇರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಐದು ನಿಮಿಷದಲ್ಲಿ ತೀರ್ಮಾನಿಸಿದ್ದಕ್ಕೆ ತಕರಾರು.

ಎರಡನೇ ಡಾಕ್ಟರ್ ಅರ್ಧ ಗಂಟೆ ಕೂರಿಸಿ ಕೇಳಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ಹೆಂಗಸರಿಗೆ ಕನಿಷ್ಠ 12 ಇರಬೇಕು. 'ಇಷ್ಟು ಇಟ್ಟುಕೊಂಡು ನೀವು ನೋಟು ಎಣಿಸ್ತಿದ್ದೀರಾ?' ಎಂದು ಅವರೇ ಬೆರಗಾದರು. ಥೈರಾಯ್ಡ್ ಕೆಟ್ಟರೂ ಬೆವರು, ಎದೆ ಡವಡವ ಆಗಬಹುದು ಎಂದು ಅದನ್ನೂ ನೋಡಿದರು. ಅದು ಸರಿ ಇತ್ತು. ಸಕ್ಕರೆ ಸರಿ ಇತ್ತು. ಒಳಪದರದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರಲು ಹತ್ತು ದಿನ. ಆ ಹತ್ತು ದಿನವೂ ಕ್ಯಾಷ್ ಸರಿಯಾಗಿ ಟ್ಯಾಲಿ ಆಯಿತು. ಯಾಕೋ ಗೊತ್ತಿಲ್ಲ. ಹೆದರಿಕೆಗೂ ಒಂದು ಏಕಾಗ್ರತೆ ಇರುತ್ತದೋ ಏನೋ.

ಬಯಾಪ್ಸಿಯಲ್ಲಿ ಏನೂ ಇರಲಿಲ್ಲ.

ಆಮೇಲೆ ಅವರು ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮುಟ್ಟು ಪೂರ್ತಿ ನಿಲ್ಲುವ ಮುಂಚೆ ಕೆಲವು ವರ್ಷ ಹಾರ್ಮೋನ್ ಏರಿಳಿಯುತ್ತದೆ. ಕೆಲವು ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಒಳಪದರ ಮಾತ್ರ ಬೆಳೆಯುತ್ತಾ ಹೋಗಿ ಒಮ್ಮೆಗೇ ಕಳಚುತ್ತದೆ. ಅದಕ್ಕೇ ಅಷ್ಟೊಂದು ರಕ್ತ. ಮಿದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಜಾಗವೊಂದಿದೆ, ಗೀಸರ್‌ನ ಥರ್ಮೋಸ್ಟಾಟ್ ತರಹ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಮೈ ಒಂಚೂರು ಬಿಸಿಯಾದರೂ ಬೆಂಕಿ ಬಿದ್ದ ಹಾಗೆ ತಿಳಿದು ಬೆವರು ಹರಿಸುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಆಗ ಋತುಬಂಧ ಆಯಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46-47ರ ಹೊತ್ತಿಗೆ ಆಗುತ್ತದೆ. ಅಮೆರಿಕ, ಯುರೋಪಿನವರಿಗೆ 51ರ ಸುಮಾರಿಗೆ. ನನಗೆ ಆಗ 46. ಕಾಯಿಲೆಯೇನಲ್ಲ, ಸಮಯಕ್ಕೆ ಸರಿಯಾಗಿಯೇ ಬಂದಿತ್ತು.

'ಹಾಗಾದ್ರೆ ಈ ಮರೆವು?' ಎಂದು ಕೇಳಿದೆ. ನನಗೆ ಬೇಕಿದ್ದ ಉತ್ತರ ಅದೊಂದೇ. ಎಣಿಸಿದ್ದು ಮರೆಯುವುದು, ಪಾಸ್‌ವರ್ಡ್ ಮರೆಯುವುದು, 20 ವರ್ಷದಿಂದ ಬರುವ ಗ್ರಾಹಕರ ಹೆಸರು ನಾಲಿಗೆಗೆ ಬರದೇ ಇರುವುದು. ಅಮ್ಮನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಅದೇ ನನಗೂ ಶುರುವಾಯಿತೆಂದು ಯಾರಿಗೂ ಹೇಳದೆ ಒಳಗೇ ಹೆದರಿದ್ದೆ. ಡಾಕ್ಟರ್, 'ಇದು ಅದಲ್ಲ. ಈ ಹಂತದಲ್ಲಿ ತುಂಬಾ ಜನಕ್ಕೆ ಆಗುತ್ತೆ. ನಿಮಗೆ ರಕ್ತವೂ ಇಲ್ಲ, ನಿದ್ದೆಯೂ ಇಲ್ಲ. ಮೊದಲು ಅವೆರಡನ್ನ ಸರಿ ಮಾಡೋಣ, ಆಮೇಲೆ ನೋಡಿ' ಎಂದರು.

ಕಬ್ಬಿಣದ ಅಂಶ ಇರುವ ಡ್ರಿಪ್ ಹಾಕಿದರು, ಒಂದು ದಿನ ಬಿಟ್ಟು ಒಂದು ದಿನ. ರಕ್ತ ಜಾಸ್ತಿ ಹೋಗುವ ದಿನಗಳಿಗೆ ಒಂದು ಮಾತ್ರೆ, ತಿಂಗಳಲ್ಲಿ ಕೆಲವು ದಿನ ಪ್ರೊಜೆಸ್ಟರಾನ್ ಮಾತ್ರೆ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11 ಮುಟ್ಟಿತು. ಬಸ್‌ಸ್ಟ್ಯಾಂಡಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ನನ್ನ ಸುಸ್ತಿನಲ್ಲಿ ಅರ್ಧಕ್ಕರ್ಧ ರಕ್ತಹೀನತೆಯದ್ದೇ ಆಗಿತ್ತು. ಎಲ್ಲವನ್ನೂ 'ವಯಸ್ಸಾಯ್ತು' ಎಂಬ ಒಂದೇ ಡಬ್ಬಿಗೆ ಹಾಕಿ ಮುಚ್ಚಿದ್ದೆನಲ್ಲ ಎಂದು ಈಗ ಸಿಟ್ಟು ಬರುತ್ತದೆ.

ಆದರೆ ಝಳ ಹೋಗಲಿಲ್ಲ. ಜಾಸ್ತಿಯೇ ಆಯಿತು.

ನಾನು ಲೆಕ್ಕದ ಮನುಷ್ಯಳು. ಹಳೆಯ ಟೇಬಲ್ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಹಾಕುತ್ತಾ ಹೋದೆ. ಬಿಸಿ ಏರಿದಾಗಲೆಲ್ಲ ಒಂದು ಗೆರೆ, ಪಕ್ಕದಲ್ಲಿ ಹೊತ್ತು. ದಿನಕ್ಕೆ 11, 12 ಗೆರೆ ಬೀಳುತ್ತಿದ್ದವು. ಒಂದು ವಾರ ಕಳೆದು ನೋಡಿದರೆ ಮೂರು ಕಡೆ ಗೆರೆಗಳು ಗುಂಪು ಕಟ್ಟಿದ್ದವು. ಬೆಳಗ್ಗೆ 11ರ ಕಾಫಿ ಆದ ಮೇಲೆ ಒಂದು ಗುಂಪು. ಕ್ಯಾಷ್ ಕ್ಲೋಸ್ ಮಾಡುವ ಗಡಿಬಿಡಿಯಲ್ಲಿ ಇನ್ನೊಂದು. ಮೂರನೆಯದು ಸಂಜೆ ಐದರ ಹೊತ್ತಿಗೆ. ಅದು ಯಾಕೆ ಎಂದು ಯೋಚಿಸಿದಾಗ ನಗು ಬಂತು. ದಾವಣಗೆರೆ ಸೀಮೆಯಲ್ಲಿ ಸಂಜೆ ಎಂದರೆ ಮಂಡಕ್ಕಿ, ಮೆಣಸಿನಕಾಯಿ. ಕೆಲಸ ಮುಗಿದ ಮೇಲೆ ಕಾಗದದಲ್ಲಿ ಸುತ್ತಿದ ಖಾರ ಮಂಡಕ್ಕಿ, ಬಿಸಿ ಮಿರ್ಚಿ ತರಿಸುವುದು ನಮ್ಮ ಶಾಖೆಯ ಸಂಪ್ರದಾಯ. ತಿಂದ ಹತ್ತು ನಿಮಿಷಕ್ಕೆ ನನ್ನ ಕಿವಿಯಿಂದ ಹೊಗೆ.

ಕಾಫಿ ಬಿಟ್ಟೆ. ಮಜ್ಜಿಗೆ ತರಲು ಶುರು ಮಾಡಿದೆ. ಮಿರ್ಚಿ ಬಿಡುವುದು ಕಷ್ಟವಾಯಿತು. ಈಗಲೂ ಶುಕ್ರವಾರ ಒಂದು ತಿನ್ನುತ್ತೇನೆ. ಅದಕ್ಕೆ ಬೀಳುವ ಗೆರೆ ಬೀಳಲಿ. ಜೊತೆಗೆ ರಾತ್ರಿ ಊಟಕ್ಕೆ ರಾಗಿ ಬಂತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎಂದು ಡಾಕ್ಟರ್ ಹೇಳಿದಾಗ, ಜೋಳದ ರೊಟ್ಟಿಯ ಅಭಿಮಾನಿಯಾದ ನಮ್ಮತ್ತೆ ಮುಖ ಸಿಂಡರಿಸಿದರು. ನೈಲಾನ್ ಮಿಶ್ರದ ಟಾಪ್‌ಗಳನ್ನೆಲ್ಲ ಮೂಟೆ ಕಟ್ಟಿ ಹತ್ತಿಯವು ಹೊಲಿಸಿದೆ. ಇಷ್ಟಕ್ಕೆ 12 ಇದ್ದದ್ದು 8 ಆಯಿತು.

ಇನ್ನೂ ಕಡಿಮೆಯಾಗಬೇಕಾದರೆ ಔಷಧ ಬೇಕು ಎಂದರು ಡಾಕ್ಟರ್. ಮೊದಲ ಆಯ್ಕೆ ಹಾರ್ಮೋನ್. ಝಳಕ್ಕೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಇಲ್ಲವಂತೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಸ್ತನ ಕ್ಯಾನ್ಸರ್ ಭಯದಿಂದ ನಡುವೆಯೇ ನಿಲ್ಲಿಸಿದ್ದರು. ಆಗ ಜಗತ್ತೆಲ್ಲ ಹೆಂಗಸರು ಹಾರ್ಮೋನ್ ಬಿಟ್ಟರು. ಆಮೇಲೆ ಅದೇ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, 60ರ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ಕಂಡಿತು. ಇದನ್ನೆಲ್ಲ ಅವರು ತಾಳ್ಮೆಯಿಂದ ಹೇಳಿದರು. ನನ್ನ ಚಿಕ್ಕಮ್ಮ ಹೋದದ್ದು ಸ್ತನ ಕ್ಯಾನ್ಸರ್‌ನಲ್ಲಿ. ಅಷ್ಟರಿಂದಲೇ ನಿಮಗೆ ಹಾರ್ಮೋನ್ ಬೇಡ ಎಂದಾಗುವುದಿಲ್ಲ ಎಂದೂ ಹೇಳಿದರು. ಬುದ್ಧಿ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಬೇರೆ ಏನಿದೆ ಎಂದು ಕೇಳಿದೆ. ಮುಂದೊಂದು ದಿನ ಮನಸ್ಸು ಬದಲಾದರೆ ನನಗೇನೂ ನಾಚಿಕೆ ಇಲ್ಲ.

ಬೇರೆ ಇದ್ದದ್ದು ವೆನ್ಲಾಫಾಕ್ಸಿನ್ ಎಂಬ ಮಾತ್ರೆ. ಕಡಿಮೆ ಪ್ರಮಾಣ, 37.5 ಮಿಲಿಗ್ರಾಂ. ಪಕ್ಕದ ಅಂಗಡಿಯ ಹುಡುಗ ಚೀಟಿ ನೋಡಿ, ನನ್ನ ಮುಖ ನೋಡಿ, ದನಿ ತಗ್ಗಿಸಿ 'ಇದು ಡಿಪ್ರೆಷನ್‌ದು ಮೇಡಂ' ಎಂದ. ಗೊತ್ತು ಎಂದೆ. ಯಜಮಾನರು ಮನೆಯಲ್ಲಿ ಮತ್ತೆ ಗೂಗಲ್ ತೆಗೆದರು. ಖಿನ್ನತೆಗೆ ಕೊಡುವುದನ್ನೇ ಇದಕ್ಕೂ ಕೊಡುತ್ತಾರೆ, ಸುಮ್ನೆ ನಿಲ್ಲಿಸುವ ಹಾಗಿಲ್ಲ, ಬಿಡುವಾಗ ನಿಧಾನಕ್ಕೆ ಬಿಡಬೇಕು, ಬಿಪಿ ನೋಡಿಕೊಳ್ಳುತ್ತಿರಬೇಕು. ಮೊದಲ ವಾರ ಹೊಟ್ಟೆ ತೊಳೆಸಿ ಇಡ್ಲಿ ಕೂಡ ಸೇರಲಿಲ್ಲ. ಮೂರನೇ ವಾರಕ್ಕೆ ಕ್ಯಾಲೆಂಡರಿನಲ್ಲಿ 4 ಗೆರೆ. ಒಂದು ರಾತ್ರಿ ಎಚ್ಚರವಾದಾಗ ಬೆಳಗಿನ ಐದು ಗಂಟೆ. ಎರಡೂವರೆ ಎಲ್ಲಿ ಹೋಯಿತು ಎಂದು ಗಡಿಯಾರವನ್ನು ಎರಡು ಸಲ ನೋಡಿದೆ.

ಇಷ್ಟೆಲ್ಲ ಆಗುವಾಗ ಬ್ಯಾಂಕಿನಲ್ಲಿ ಯಾರಿಗೂ ನಿಜ ಹೇಳಿರಲಿಲ್ಲ. ರಜೆ ಕೇಳುವಾಗ 'ಲೇಡೀಸ್ ಪ್ರಾಬ್ಲಂ ಸರ್' ಎಂದರೆ ಸಾಕು, ಯಾವ ಮ್ಯಾನೇಜರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆ ಮಾತಿನ ಲಾಭವೂ ಅದೇ, ನಷ್ಟವೂ ಅದೇ. ಪ್ರಶ್ನೆಯೇ ಇಲ್ಲದಿದ್ದರೆ ಪರಿಹಾರ ಎಲ್ಲಿಂದ ಬರಬೇಕು?

ರಜೆಯ ಮಾತು ಬಂತು, ಹೇಳಿಬಿಡುತ್ತೇನೆ. 2024ರ ಮಾರ್ಚ್ 8ರಂದು ಬ್ಯಾಂಕ್ ಆಡಳಿತಕ್ಕೂ ನೌಕರರ ಸಂಘಗಳಿಗೂ ನಡುವೆ 12ನೇ ದ್ವಿಪಕ್ಷೀಯ ಒಪ್ಪಂದ ಆಯಿತು. ಮಹಿಳಾ ನೌಕರರು ತಿಂಗಳಿಗೆ ಒಂದು ದಿನ ಸಿಕ್ ಲೀವನ್ನು ವೈದ್ಯರ ಸರ್ಟಿಫಿಕೇಟ್ ಇಲ್ಲದೆ ತೆಗೆದುಕೊಳ್ಳಬಹುದು ಎಂದು ಅದರಲ್ಲಿ ಬಂತು. ನನಗೆ ತುಂಬಾ ಅನುಕೂಲವಾಯಿತು. ಆದರೆ ರಜೆ ಒಂದು ದಿನದ್ದು. ನನ್ನ ಝಳ ದಿನಾ ಬರುವಂಥದ್ದು. ಉಳಿದ ದಿನ ಕೂರುವ ಜಾಗ ಸರಿಯಾಗಬೇಕಲ್ಲ.

ಜುಲೈನಲ್ಲಿ ಮತ್ತೆ 2,000 ರೂಪಾಯಿ ಕಡಿಮೆ ಬಂತು. ಈ ಸಲ ಯಾರಿಗೆ ಹೋಯಿತೋ ಸಿಗಲೇ ಇಲ್ಲ. ಮ್ಯಾನೇಜರ್ ಕರೆದರು. 32 ವರ್ಷದ ಹುಡುಗ, ಆಂಧ್ರದವರು, ನಮ್ಮ ಜೊತೆ ಸೇರಿ ಕನ್ನಡ ಕಲಿತವರು. 'ಮೇಡಂ, ಏನಾದ್ರೂ ಟೆನ್ಷನ್ ಇದೆಯಾ ಮನೇಲಿ?' ಎಂದರು. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಪದೇ ಪದೇ ಕ್ಯಾಷ್ ಕಡಿಮೆ ಬರುವ ಕ್ಯಾಷಿಯರ್ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂದು ನಮಗೂ ಗೊತ್ತು. ಮರೆಗುಳಿ ಅಂದುಕೊಂಡರೂ ಸಹಿಸಬಹುದು, ಕಳ್ಳಿ ಅಂದುಕೊಂಡರೆ? ಅದು ಅಪ್ಪನ ಹೆಸರಿನ ಕುರ್ಚಿ.

ಹೇಳಿಬಿಟ್ಟೆ. 'ಸರ್, ನನಗೆ ಮೆನೋಪಾಸ್ ನಡೀತಿದೆ.'

ಅವರು ಪೆನ್ನು ಕೆಳಗಿಟ್ಟರು. ಕಂಪ್ಯೂಟರ್ ನೋಡಿದರು. ಆಮೇಲೆ ಬಹಳ ಗಂಭೀರವಾಗಿ, 'ಎಷ್ಟು ದಿನಕ್ಕೆ ಸರಿ ಹೋಗುತ್ತೆ ಮೇಡಂ?'

'ನಾಲ್ಕು ವರ್ಷ ಆಗಬಹುದು ಸರ್.'

ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ನಕ್ಕೆ. ಅವರೂ ನಕ್ಕರು. ಅಲ್ಲಿಂದ ಮಾತು ಸುಲಭವಾಯಿತು.

ನಾನು ಕೇಳಿದ್ದು ಸಣ್ಣ ಸಣ್ಣದ್ದು. ಒಂದು ಚಿಕ್ಕ ಟೇಬಲ್ ಫ್ಯಾನ್. ಕೌಂಟರ್ ಮೇಲೆ ಬೇಡ, ಕುರ್ಚಿಯ ಹಿಂದೆ ನೆಲದ ಮೇಲೆ, ಗಾಳಿ ಬೆನ್ನಿಗೆ ಬರುವ ಹಾಗೆ. ನೋಟು ಹಾರುವುದಿಲ್ಲ, ನಾನೂ ಬೇಯುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ ಹತ್ತು ಹತ್ತು ನಿಮಿಷ ಬಿಡುವು. ಆ ಹೊತ್ತು ಕಿಟಕಿಗೆ ಬೋರ್ಡು ಹಾಕಿದರೆ ಯಾರೂ ಗೊಣಗುವುದಿಲ್ಲ. ಬಿಡುವು ಎಷ್ಟು ಹೊತ್ತು ಎಂದು ಗೊತ್ತಿದ್ದರೆ ನಮ್ಮ ಜನ ಕಾಯುತ್ತಾರೆ. ಮತ್ತೆ 50,000ಕ್ಕೆ ಮೇಲಿನ ಪಾವತಿಯನ್ನು ಇನ್ನೊಬ್ಬರು ಒಮ್ಮೆ ನೋಡಬೇಕು.

ಅವರು ಇನ್ನೂ ಮುಂದೆ ಹೋಗಿ, ಆರು ತಿಂಗಳು ಕ್ಯಾಷ್ ಬಿಟ್ಟು ಒಳಗಿನ ಟೇಬಲ್‌ಗೆ ಬನ್ನಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಚುರುಕ್ ಎಂದಿತು. ಕ್ಯಾಷ್‌ಗೆ ವಿಶೇಷ ಭತ್ಯೆ ಇದೆ ಎಂಬುದು ಒಂದು ಕಾರಣ. ಆದರೆ ಅದೊಂದೇ ಅಲ್ಲ. ಎರಡು ದಿನ ಯೋಚಿಸಿ, ಒಂದು ವಾರ ಕ್ಯಾಷ್, ಒಂದು ವಾರ ಕೆವೈಸಿ ಟೇಬಲ್ ಎಂದು ಒಪ್ಪಿಕೊಂಡೆ. ನಾಲ್ಕು ತಿಂಗಳು ಹಾಗೆ ನಡೆಯಿತು. ಹಿಮೋಗ್ಲೋಬಿನ್ 12 ದಾಟಿದ ಮೇಲೆ ಪೂರ್ತಿ ಕ್ಯಾಷ್‌ಗೆ ವಾಪಸ್ ಬಂದೆ. ಅದಾದ ಮೇಲೆ ಕಡಿಮೆ ಬಂದದ್ದು ಒಂದೇ ಸಲ, 10 ರೂಪಾಯಿ. ಅದು ನಾಣ್ಯ, ಫ್ಯಾನಿನ ಕೆಳಗೆ ಸಿಕ್ಕಿತು.

ಫ್ಯಾನ್ ಬಂದ ಮೇಲೆ ಒಂದು ತಮಾಷೆ ನಡೆಯಿತು. ಲೋನ್ ಸೆಕ್ಷನ್‌ನಲ್ಲಿದ್ದ ನನಗಿಂತ ಮೂರು ವರ್ಷ ದೊಡ್ಡ ಮೇಡಂ ಒಬ್ಬರು ಊಟದ ಹೊತ್ತಿಗೆ ಬಂದು ಆ ಗಾಳಿಗೆ ಬೆನ್ನು ಕೊಟ್ಟು ನಿಂತರು. 'ಒಳಗೆ ಎಸಿ ಇದೆಯಲ್ಲ ಮೇಡಂ?' ಎಂದೆ. 'ಅದು ಸಾಲಲ್ಲ' ಎಂದರು. ಐದು ವರ್ಷ ಒಂದೇ ಶಾಖೆಯಲ್ಲಿ ಕೆಲಸ ಮಾಡಿದ್ದೇವೆ. ಇಬ್ಬರೂ ಒಂದೇ ಬೆಂಕಿಯಲ್ಲಿ ಬೇಯುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅತ್ತೆಯ ವಿಷಯ ಅರ್ಧಕ್ಕೆ ಬಿಟ್ಟೆ. ಒಂದು ರಾತ್ರಿ ಸೆಖೆ ತಾಳದೆ ಎದ್ದು ಪಡಸಾಲೆಯ ನೆಲದ ಮೇಲೆ ಮಲಗಿದ್ದೆ. ನೀರು ಕುಡಿಯಲು ಬಂದವರು ನೋಡಿ, ಸ್ವಲ್ಪ ಹೊತ್ತು ನಿಂತು, 'ನಾನೂ ಹಿಂಗೇ ಬಂದು ಮಲಗ್ತಿದ್ದೆ ಕಣೆ, ಹಳೇ ಮನೇಲಿ. ನಿಮ್ಮ ಮಾವನಿಗೆ ಹೊರಗೆ ಗಾಳಿ ಚೆನ್ನಾಗಿದೆ ಅಂತ ಹೇಳ್ತಿದ್ದೆ' ಎಂದರು. ಏನೂ ಆಗಲಿಲ್ಲ ಎಂದವರು ಇವರೇ. ಆಗಿತ್ತು, ಅದಕ್ಕೊಂದು ಹೆಸರಿರಲಿಲ್ಲ ಅಷ್ಟೇ.

ನನಗೆ ಕೊನೆಯ ಸಲ ಮುಟ್ಟಾದದ್ದು 2024ರ ನವೆಂಬರ್‌ನಲ್ಲಿ. ಆಗ ಅದು ಕೊನೆಯದು ಎಂದು ಗೊತ್ತಿರಲಿಲ್ಲ. ಪೂರ್ತಿ ಒಂದು ವರ್ಷ ಕಾದು ಹಿಂದಿರುಗಿ ನೋಡಿದಾಗಲೇ ಹಾಗೆಂದು ಹೇಳುವುದು. ಇನ್ನು ಮೇಲೆ ಒಂದು ಹನಿ ರಕ್ತ ಕಂಡರೂ ತಕ್ಷಣ ಬರಬೇಕು ಎಂದು ಡಾಕ್ಟರ್ ಎಚ್ಚರಿಸಿದ್ದಾರೆ. ನನ್ನ ವರ್ಷ ತುಂಬುವ ಹೊತ್ತಿಗೇ ಕರ್ನಾಟಕದಲ್ಲಿ ಮುಟ್ಟಿನ ರಜೆಯ ಸುದ್ದಿ ಬಂತು. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ, 18ರಿಂದ 52 ವರ್ಷದವರಿಗೆ. ಮಗಳು ಫೋನಿನಲ್ಲಿ ಸುದ್ದಿ ತೋರಿಸಿ, 'ಅಮ್ಮಾ, ನಿಂಗೆ ಸ್ವಲ್ಪದರಲ್ಲಿ ಮಿಸ್ ಆಯ್ತು' ಎಂದಳು. ಒಳ್ಳೆಯ ಕೆಲಸವೇ, ಅವಳ ಕಾಲಕ್ಕಾದರೂ ಬಂತಲ್ಲ. ಮುಟ್ಟು ಬಂದರೆ ರಜೆ ಎನ್ನುವಷ್ಟು ಮಾತು ಈಗ ಹೊರಗೆ ಬಂದಿದೆ. ನಿಲ್ಲುವಾಗಿನ ಮಾತು ಇನ್ನೂ ಲೇಡೀಸ್ ಪ್ರಾಬ್ಲಂನಲ್ಲೇ ಇದೆ.

ಝಳ ಪೂರ್ತಿ ಹೋಗಿಲ್ಲ. ದಿನಕ್ಕೆ ಎರಡೋ ಮೂರೋ. ಬೆಳಗ್ಗೆ ಎದ್ದಾಗ ಬೆರಳ ಗಂಟು ಬಿಗಿದಿರುತ್ತವೆ. ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಸಡಿಲವಾಗುತ್ತವೆ. ನೋಟು ಎಣಿಸುವ ಬೆರಳು ನೋಡಿ, ಅದಕ್ಕೊಂದು ಚಾಕರಿ.

ನಮ್ಮ ಆಂಧ್ರದ ಮ್ಯಾನೇಜರ್‌ಗೆ ಮೂರು ವರ್ಷವಾಯಿತು, ವರ್ಗಾವಣೆ ಬಂದಿದೆ. ಸೋಮವಾರ ಹೊಸಬರು ಬರುತ್ತಾರೆ. ಅವರೂ ಚಿಕ್ಕ ವಯಸ್ಸಿನವರೇ ಅಂತೆ. ಬಂದ ದಿನವೇ ಕ್ಯಾಬಿನ್ ನೋಡಲು ಬಂದು, ನೆಲದ ಮೇಲಿನ ಫ್ಯಾನ್ ಕಂಡು, ಇದ್ಯಾಕೆ ಇಲ್ಲಿ ಎಂದು ಕೇಳಿಯೇ ಕೇಳುತ್ತಾರೆ.